ಮಾತ್ರೆಯೋ, ಸ್ಟೆಂಟೋ, ಬೈಪಾಸೋ: ಆಂಜಿಯೋಗ್ರಾಂ ಆದ ಮೇಲೆ ಕೇಳಬೇಕಾದ ಪ್ರಶ್ನೆಗಳು

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಒಂದೇ: ಈಗ ಆಗುತ್ತಿರುವುದು ಹೃದಯಾಘಾತವೇ, ಅಲ್ಲವೇ? ಹೃದಯಾಘಾತವಾಗಿದ್ದರೆ ಮುಂದೆ ನಾನು ಬರೆಯುವ ಯಾವ ಹೋಲಿಕೆಯೂ ಆ ಹೊತ್ತಿಗೆ ಬೇಕಿಲ್ಲ. ಎದೆ ಹಿಂಡಿದಂತಹ ನೋವು, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಏದುಸಿರು ಇವು ಕಾಣಿಸಿಕೊಂಡರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿಸುತ್ತಾ ಕೂರಬೇಡಿ. ಹತ್ತಿರದಲ್ಲಿ ಎಲ್ಲಿ ಇಸಿಜಿ ತೆಗೆಯುತ್ತಾರೋ ಅಲ್ಲಿಗೆ ಹೋಗಿ. ಬೈಂದೂರಿನಿಂದ ಮಣಿಪಾಲಕ್ಕೂ ಸುಳ್ಯದಿಂದ ಮಂಗಳೂರಿಗೂ ದಾರಿ ದೂರ. ಆ ಹೊತ್ತಿನಲ್ಲಿ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮಂಗಳೂರಿನಲ್ಲಿ ಹುಟ್ಟಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಬಳಗದ ವೈದ್ಯರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಇಸಿಜಿ ನೋಡಿ ಸಲಹೆ ಕೊಡುತ್ತಾ ಬಂದಿದ್ದಾರೆ. ಆಘಾತದ ವೇಳೆಯಲ್ಲಿ ಮುಚ್ಚಿಹೋದ ರಕ್ತನಾಳವನ್ನು ಬಲೂನು ಮತ್ತು ಸ್ಟೆಂಟ್ ಹಾಕಿ ತೆರೆಯುವುದೇ ಸಾಮಾನ್ಯವಾಗಿ ಮೊದಲ ದಾರಿ. ವೈದ್ಯರು ಕೂಡಲೇ ಸಹಿ ಕೇಳಿದರೆ ಮಾಡಿಬಿಡಿ.

ಈ ಬರಹ ಇನ್ನೊಂದು ಗುಂಪಿನವರಿಗೆ. ಮೆಟ್ಟಿಲು ಹತ್ತಿದರೆ, ಗುಡ್ಡದ ದಾರಿಯಲ್ಲಿ ನಡೆದರೆ ಎದೆ ಬಿಗಿಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಏನೋ ಕಂಡಿದೆ. ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಮಾಡಿಸಿ ಎಂದಿದ್ದಾರೆ. ಇಂಥವರ ಬಹುಪಾಲು ಮಂದಿಗೆ ಯೋಚಿಸಲು ಕೆಲವು ದಿನಗಳ ಸಮಯ ಇರುತ್ತದೆ. ಆ ಸಮಯವನ್ನು ಯಾರೂ ಬಳಸಿಕೊಳ್ಳುವುದಿಲ್ಲ ಎಂಬುದೇ ನನ್ನ ದೊಡ್ಡ ಸಂಕಟ. ಹೃದಯ ಶಸ್ತ್ರಚಿಕಿತ್ಸೆಯ ಐಸಿಯುವಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು. ರೋಗಿ ಒಳಗೆ ಮೇಜಿನ ಮೇಲೆ ಮಲಗಿರುವಾಗಲೇ ಹೊರಗೆ ಬೆಂಚಿನ ಮೇಲೆ ಕುಳಿತ ಮನೆಯವರು ಐದು ನಿಮಿಷದಲ್ಲಿ ನಿರ್ಧಾರ ಹೇಳಬೇಕಾದ ಪರಿಸ್ಥಿತಿಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಒಂದು ಸಣ್ಣ ಬ್ಲಾಕ್ ಇದ್ದು, ಸ್ಟೆಂಟ್ ಸಾಕು ಎಂಬುದು ಸ್ಪಷ್ಟವಾಗಿದ್ದರೆ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ಮೂರು ದೊಡ್ಡ ನಾಳಗಳಲ್ಲೂ ತೊಂದರೆ ಇದ್ದಾಗ, ಹೃದಯದ ಎಡಭಾಗಕ್ಕೆ ರಕ್ತ ಒಯ್ಯುವ ಎಡ ಮುಖ್ಯ ನಾಳದಲ್ಲಿ ತೊಂದರೆ ಇದ್ದಾಗ, ಸಕ್ಕರೆ ಕಾಯಿಲೆ ಇದ್ದಾಗ ಹಾಗೆ ನಿರ್ಧರಿಸಬಾರದು. ಆಂಜಿಯೋಗ್ರಾಂಗೆ ಒಪ್ಪಿಗೆ ಪತ್ರ ಬರೆಯುವಾಗಲೇ ಹೇಳಿಬಿಡಿ: ‘ತುರ್ತು ಇಲ್ಲದಿದ್ದರೆ ಚಿತ್ರ ತೆಗೆದು ನಿಲ್ಲಿಸಿ, ಮುಂದಿನದನ್ನು ಕುಳಿತು ಮಾತಾಡೋಣ.’ ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.

ಮೂರು ದಾರಿಗಳ ಕೆಲಸ ಬೇರೆ ಬೇರೆ

‘ಎಷ್ಟು ಬ್ಲಾಕ್ ಇದೆ, ಎಷ್ಟು ಪರ್ಸೆಂಟ್’ ಎಂಬುದು ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆ. ಮದುವೆ ಮನೆಯಲ್ಲೂ ಅದೇ ಲೆಕ್ಕ. ಆದರೆ ಚಿಕಿತ್ಸೆಯನ್ನು ತೀರ್ಮಾನಿಸುವುದು ಆ ಎಣಿಕೆಯೊಂದೇ ಅಲ್ಲ. ಬ್ಲಾಕ್ ಯಾವ ನಾಳದಲ್ಲಿ, ಆರಂಭದಲ್ಲಿದೆಯೋ ತುದಿಯಲ್ಲಿದೆಯೋ, ಹೃದಯದ ಪಂಪಿಂಗ್ (ಪ್ರತಿ ಬಡಿತಕ್ಕೆ ಎಡ ಕೋಣೆಯಿಂದ ಹೊರಹೋಗುವ ರಕ್ತದ ಪಾಲು) ಎಷ್ಟಿದೆ, ಸಕ್ಕರೆ ಇದೆಯೇ ಎಂಬ ನಾಲ್ಕು ಸಂಗತಿಗಳನ್ನು ಕೂಡಿಸಿ ನೋಡಬೇಕು.

ಮಾತ್ರೆಗಳು ಬ್ಲಾಕನ್ನು ಮಾಯ ಮಾಡುವುದಿಲ್ಲ. ಆಸ್ಪಿರಿನ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ; ಸ್ಟಾಟಿನ್ ಕೊಲೆಸ್ಟರಾಲ್ ಇಳಿಸುವುದಲ್ಲದೆ ಕೊಬ್ಬಿನ ಗಂಟು ಒಡೆಯದಂತೆ ಗಟ್ಟಿ ಮಾಡುತ್ತದೆ; ಬೀಟಾ ಬ್ಲಾಕರ್‌ನಂಥವು ಹೃದಯದ ಶ್ರಮ ಇಳಿಸುತ್ತವೆ. ಸ್ಟೆಂಟ್ ಒಂದು ನಿರ್ದಿಷ್ಟ ಜಾಗವನ್ನು ಒಳಗಿನಿಂದ ಅಗಲಿಸಿ ಹಿಡಿದಿಡುವ ಲೋಹದ ಜಾಲರಿ. ಬೈಪಾಸ್‌ನಲ್ಲಿ ಬ್ಲಾಕನ್ನು ಮುಟ್ಟುವುದೇ ಇಲ್ಲ. ದೇಹದ ಬೇರೆ ಕಡೆಯ ರಕ್ತನಾಳವನ್ನು ತಂದು ಬ್ಲಾಕ್‌ನ ಆಚೆಗೆ ಜೋಡಿಸಿ ರಕ್ತಕ್ಕೆ ಹೊಸ ದಾರಿ ಮಾಡುತ್ತಾರೆ. ಹೃದಯವನ್ನೇ ಸೀಳಿ ತೆರೆಯುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಬೈಪಾಸ್‌ನಲ್ಲಿ ತೆರೆಯುವುದು ಎದೆಗೂಡನ್ನು. ಹೊಲಿಗೆ ಬೀಳುವುದು ಹೃದಯದ ಹೊರಮೈ ಮೇಲೆ ಹರಿಯುವ ನಾಳಗಳಿಗೆ.

ಈ ವ್ಯತ್ಯಾಸ ಏಕೆ ಮುಖ್ಯ ಎಂಬುದು ಕರಾವಳಿಯವರಿಗೆ ಬೇಗ ಅರ್ಥವಾಗಬೇಕು. ಶಿರಾಡಿ ಘಾಟಿಯಲ್ಲಿ ಒಂದು ಕಡೆ ಗುಡ್ಡ ಕುಸಿದರೆ ಮಣ್ಣು ತೆಗೆದು ರಸ್ತೆ ಬಿಡುತ್ತಾರೆ. ಘಾಟಿಯ ಉದ್ದಕ್ಕೂ ಹತ್ತು ಕಡೆ ಗುಡ್ಡ ಸಡಿಲವಾಗಿದ್ದರೆ ಒಂದು ಕಡೆ ಮಣ್ಣು ತೆಗೆದು ಪ್ರಯೋಜನ ಎಷ್ಟು ದಿನ? ಆಗ ಚಾರ್ಮಾಡಿಯ ದಾರಿಯೇ ಸರಿ. ಸಕ್ಕರೆ ಕಾಯಿಲೆ ಇರುವವರ ರಕ್ತನಾಳ ಬಹಳ ಸಲ ಹೀಗೇ ಇರುತ್ತದೆ: ಉದ್ದಕ್ಕೂ ಸ್ವಲ್ಪ ಸ್ವಲ್ಪ ಕೆಟ್ಟಿರುತ್ತದೆ. ಇಂದು ಸ್ಟೆಂಟ್ ಹಾಕಿದ ಜಾಗ ಚೆನ್ನಾಗಿಯೇ ಇರಬಹುದು. ಎರಡು ವರ್ಷದ ನಂತರ ಅದರ ಪಕ್ಕದಲ್ಲಿ ಹೊಸ ಬ್ಲಾಕ್ ಬರಬಹುದು. ಬೈಪಾಸ್ ನಾಳವು ಕೆಟ್ಟ ಭಾಗವನ್ನೆಲ್ಲ ದಾಟಿ ಮುಂದೆ ಸೇರಿಕೊಂಡಿರುವುದರಿಂದ ನಡುವೆ ಹೊಸ ಬ್ಲಾಕ್ ಹುಟ್ಟಿದರೂ ಸ್ನಾಯುವಿಗೆ ರಕ್ತ ತಪ್ಪುವುದಿಲ್ಲ.

ಮಾತ್ರೆಯಲ್ಲೇ ಮುಂದುವರಿಯಬಹುದೇ?

ಅನೇಕರಿಗೆ ಖಂಡಿತ ಆಗಬಹುದು. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಸ್ಥಿರವಾದ ಹೃದ್ರೋಗವಿದ್ದ 5,179 ಮಂದಿ ಇದ್ದರು. ಅರ್ಧದಷ್ಟು ಜನರಿಗೆ ಒಳ್ಳೆಯ ಔಷಧ ಮಾತ್ರ. ಉಳಿದವರಿಗೆ ಔಷಧದ ಜೊತೆಗೆ ಮೊದಲೇ ಆಂಜಿಯೋಗ್ರಾಂ ಮಾಡಿ, ಬೇಕಾದವರಿಗೆ ಸ್ಟೆಂಟ್ ಅಥವಾ ಬೈಪಾಸ್. ಮೂರು ವರ್ಷಗಳಿಗೂ ಸ್ವಲ್ಪ ಹೆಚ್ಚು ಕಾಲ ನೋಡಿದಾಗ ಸಾವಿನಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಪದೇ ಪದೇ ಬರುತ್ತಿದ್ದವರಿಗೆ ಮಾತ್ರ ಸ್ಟೆಂಟ್ ಅಥವಾ ಬೈಪಾಸ್‌ನಿಂದ ನೋವು ಚೆನ್ನಾಗಿ ಕಡಿಮೆಯಾಯಿತು.

ಆದರೆ ಈ ಅಧ್ಯಯನದಲ್ಲಿ ಯಾರನ್ನು ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಗಮನಿಸಿ. ಎಡ ಮುಖ್ಯ ನಾಳದಲ್ಲಿ ಬ್ಲಾಕ್ ಇದ್ದವರು, ಪಂಪಿಂಗ್ ಶೇ 35ಕ್ಕಿಂತ ಕಡಿಮೆ ಇದ್ದವರು, ಔಷಧ ತೆಗೆದುಕೊಂಡರೂ ತಡೆಯಲಾಗದ ನೋವಿದ್ದವರು ಅದರೊಳಗೆ ಇರಲಿಲ್ಲ. ಆದ್ದರಿಂದ ‘ಮಾತ್ರೆ ಸಾಕಂತೆ, ಪೇಪರಿನಲ್ಲಿ ಬಂದಿದೆ’ ಎಂದು ಅವರು ಕೈಕಟ್ಟಿ ಕೂರುವಂತಿಲ್ಲ. ಶೇ 50ರಿಂದ 70ರ ನಡುವಿನ ಬ್ಲಾಕ್‌ಗೆ ಸ್ಟೆಂಟ್ ಹಾಕಬೇಕು ಎಂದರೆ, ಎಫ್‌ಎಫ್‌ಆರ್ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿ. ತೆಳುವಾದ ತಂತಿಯನ್ನು ಬ್ಲಾಕ್‌ನ ಆಚೆಗೆ ಇಳಿಸಿ ಅಲ್ಲಿನ ರಕ್ತದ ಒತ್ತಡವನ್ನು ಬ್ಲಾಕ್‌ನ ಮೊದಲಿನ ಒತ್ತಡಕ್ಕೆ ಹೋಲಿಸಿ ಅಳೆಯುತ್ತಾರೆ, ಆ ಅನುಪಾತ 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ನಿಜವಾಗಿ ರಕ್ತ ತಡೆಯುತ್ತಿದೆ ಎಂದು ಅರ್ಥ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ‘ಆಪರೇಷನ್ ಬೇಡ, ಬ್ಲಾಕ್ ಕರಗಿಸುತ್ತೇವೆ’ ಎಂಬ ಜಾಹೀರಾತುಗಳು ಬರುತ್ತಿರುತ್ತವೆ. ಕಷಾಯವೋ, ಡ್ರಿಪ್ ಮೂಲಕ ಏರಿಸುವ ಕೀಲೇಶನ್ ಚಿಕಿತ್ಸೆಯೋ ಬೈಪಾಸ್ ಅಗತ್ಯವಿರುವ ಬ್ಲಾಕನ್ನು ಕರಗಿಸುತ್ತದೆ ಎನ್ನಲು ಆಧಾರವಿಲ್ಲ. ಅವುಗಳ ಹಿಂದೆ ಕಳೆದ ತಿಂಗಳುಗಳಲ್ಲಿ ಸ್ನಾಯು ಸತ್ತು, ಪಂಪಿಂಗ್ ಇಳಿದು, ಮಾಡಬಹುದಾಗಿದ್ದ ಆಪರೇಷನ್ ಅಪಾಯದ ಆಪರೇಷನ್ ಆದದ್ದನ್ನು ಕಂಡು ಹೊಟ್ಟೆ ಉರಿದಿದೆ.

ಸ್ಟೆಂಟ್ ಮತ್ತು ಬೈಪಾಸ್ ನಡುವೆ

1977ರಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಜೂರಿಕ್‌ನಲ್ಲಿ ಮೊದಲ ಬಾರಿಗೆ ಹೃದಯದ ನಾಳವನ್ನು ಬಲೂನಿನಿಂದ ಅಗಲಿಸಿದರು. ಅದಕ್ಕೆ ಹತ್ತು ವರ್ಷ ಮೊದಲು, 1967ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಅರ್ಜೆಂಟೀನಾದ ವೈದ್ಯ ರೆನೆ ಫವಲೊರೊ ಕಾಲಿನ ರಕ್ತನಾಳ ತೆಗೆದು ಬೈಪಾಸ್ ಮಾಡಿದ್ದರು. ಅಂದಿನಿಂದ ಎರಡೂ ಬಹಳ ಸುಧಾರಿಸಿವೆ, ಹೋಲಿಕೆಯೂ ನಿಂತಿಲ್ಲ.

ಸ್ಟೆಂಟ್‌ನ ಲಾಭ ಯಾರಿಗಾದರೂ ಕಾಣುತ್ತದೆ. ಹೆಚ್ಚಿನ ಸಲ ಮಣಿಕಟ್ಟಿನ ನಾಳದಿಂದ ಒಳಹೋಗುತ್ತಾರೆ, ಎದೆಗೆ ಗಾಯವಿಲ್ಲ, ಒಂದೆರಡು ದಿನದಲ್ಲಿ ಮನೆ, ವಾರದಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕುಳಿತುಕೊಳ್ಳಬಹುದು. ನಷ್ಟ ತಡವಾಗಿ ಕಾಣುತ್ತದೆ: ಮತ್ತೆ ಸ್ಟೆಂಟ್ ಬೇಕಾಗುವ ಸಂಭವ ಬೈಪಾಸ್‌ಗಿಂತ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತವಾಗಿದ್ದರೆ ಒಂದು ವರ್ಷ ತಪ್ಪದೆ ನುಂಗಬೇಕು. ಹಲ್ಲು ಕೀಳಿಸಬೇಕೆಂದು ತಾವೇ ಮಾತ್ರೆ ನಿಲ್ಲಿಸಿ ಸ್ಟೆಂಟ್ ಒಳಗೆ ಹೆಪ್ಪುಗಟ್ಟಿಸಿಕೊಂಡು ಬರುವವರಿದ್ದಾರೆ; ಅದು ಪ್ರಾಣಾಂತಿಕ.

ಬೈಪಾಸ್ ಇದಕ್ಕೆ ತಿರುಗುಮುರುಗು. ಕಷ್ಟವೆಲ್ಲ ಮುಂಚೆ, ಲಾಭ ನಂತರ. ಮುಂಚಿತವಾಗಿ ಯೋಜಿಸಿ ಮಾಡುವ ಆಪರೇಷನ್‌ನಲ್ಲಿ, ಬೇರೆ ದೊಡ್ಡ ತೊಂದರೆಗಳಿಲ್ಲದ ರೋಗಿಗೆ ಪ್ರಾಣಾಪಾಯ ನೂರಕ್ಕೆ ಒಂದೆರಡು. ಪಾರ್ಶ್ವವಾಯುವಿನ ಅಪಾಯ ಸ್ಟೆಂಟ್‌ಗಿಂತ ಹೆಚ್ಚು. ಇದನ್ನು ಮುಚ್ಚಿಟ್ಟು ಬೈಪಾಸ್ ಒಳ್ಳೆಯದು ಎಂದು ಹೇಳುವುದು ಸರಿಯಲ್ಲ.

ಹಾಗಿದ್ದೂ ಏಕೆ ಬೈಪಾಸ್? ಸಕ್ಕರೆ ಕಾಯಿಲೆ ಮತ್ತು ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ 1,900 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ‘ಫ್ರೀಡಂ’ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಐದು ವರ್ಷಗಳಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಇವುಗಳಲ್ಲಿ ಯಾವುದಾದರೂ ಒಂದು ಆದವರು ಸ್ಟೆಂಟ್ ಗುಂಪಿನಲ್ಲಿ ಶೇ 26.6, ಬೈಪಾಸ್ ಗುಂಪಿನಲ್ಲಿ ಶೇ 18.7. ಸಾವು ಮಾತ್ರ ತೆಗೆದುಕೊಂಡರೆ ಶೇ 16.3 ಮತ್ತು ಶೇ 10.9. ಪಾರ್ಶ್ವವಾಯು ಮಾತ್ರ ಬೈಪಾಸ್‌ನಲ್ಲಿ ಹೆಚ್ಚು: ಶೇ 5.2, ಸ್ಟೆಂಟ್‌ನಲ್ಲಿ ಶೇ 2.4. ‘ಸಿಂಟ್ಯಾಕ್ಸ್’ ಎಂಬ ಇನ್ನೊಂದು ಅಧ್ಯಯನದ ರೋಗಿಗಳನ್ನು ಹತ್ತು ವರ್ಷ ಗಮನಿಸಿದಾಗ, ಮೂರೂ ನಾಳಗಳಲ್ಲಿ ಬ್ಲಾಕ್ ಇದ್ದವರಲ್ಲಿ ಸ್ಟೆಂಟ್ ಪಡೆದ ಶೇ 28ರಷ್ಟು ಜನ, ಬೈಪಾಸ್ ಪಡೆದ ಶೇ 21ರಷ್ಟು ಜನ ತೀರಿಕೊಂಡಿದ್ದರು. ಎಡ ಮುಖ್ಯ ನಾಳದ ಬ್ಲಾಕ್ ಇದ್ದವರಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬ್ಲಾಕ್‌ನ ಆಕಾರ ಸರಳವಾಗಿದ್ದರೆ ಸ್ಟೆಂಟ್ ಸಹ ಯೋಗ್ಯ ಆಯ್ಕೆ.

ಆ ಸರಳ, ಜಟಿಲಗಳನ್ನು ಅಳೆಯುವುದಕ್ಕೆ ಅದೇ ಹೆಸರಿನ ಅಂಕ ಇದೆ. ಸಿಂಟ್ಯಾಕ್ಸ್ ಸ್ಕೋರ್ 22ರವರೆಗೆ ಇದ್ದರೆ ಕಡಿಮೆ, 23ರಿಂದ 32 ಮಧ್ಯಮ, 33 ಮತ್ತು ಮೇಲೆ ಜಟಿಲ. ಜಟಿಲವಾದಷ್ಟೂ ತಕ್ಕಡಿ ಬೈಪಾಸ್ ಕಡೆಗೆ ವಾಲುತ್ತದೆ. ಪಂಪಿಂಗ್ ಶೇ 35ಕ್ಕಿಂತ ಕೆಳಗೆ ಇಳಿದಿದ್ದವರಲ್ಲಿಯೂ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಇದ್ದರೆ, ಔಷಧದ ಜೊತೆ ಬೈಪಾಸ್ ಮಾಡಿಸಿಕೊಂಡವರು ಹತ್ತು ವರ್ಷದ ಲೆಕ್ಕದಲ್ಲಿ ಹೆಚ್ಚು ಬದುಕಿದರು.

ಬೆಳ್ತಂಗಡಿ ಕಡೆಯ ಅಡಿಕೆ ಕೃಷಿಕರೊಬ್ಬರು ನೆನಪಾಗುತ್ತಾರೆ. ಅರುವತ್ತರ ಹತ್ತಿರದ ವಯಸ್ಸು, ಬಹುಕಾಲದ ಸಕ್ಕರೆ, ಮೂರೂ ನಾಳದಲ್ಲಿ ಬ್ಲಾಕ್. ದುಬೈಯಲ್ಲಿದ್ದ ಮಗ ಫೋನಿನಲ್ಲಿ ಹಟ ಹಿಡಿದಿದ್ದ: ‘ಅಪ್ಪನ ಎದೆ ಕೊಯ್ಯುವುದು ಬೇಡ ಅಮ್ಮಾ, ಎಷ್ಟು ಖರ್ಚಾದರೂ ಸ್ಟೆಂಟೇ ಹಾಕಿಸಿ.’ ಆ ಮಾತಿನಲ್ಲಿ ಪ್ರೀತಿಯೇ ಇತ್ತು. ತಾಯಿ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು, ‘ಸಿಸ್ಟರ್, ಮಗ ಹೇಳುವುದು ಸರಿಯಾ?’ ಎಂದು ಕೇಳಿದರು. ನಾನು ಉತ್ತರ ಹೇಳುವ ಸ್ಥಾನದಲ್ಲಿರಲಿಲ್ಲ, ಶಸ್ತ್ರಚಿಕಿತ್ಸಕರನ್ನು ಕರೆದೆ. ಅವರು ಲ್ಯಾಬ್ ಚೀಟಿಯ ಹಿಂಬದಿಯಲ್ಲಿ ಹೃದಯದ ಚಿತ್ರ ಬರೆದು, ಮೂರು ಗೆರೆ ಎಳೆದು, ಎಲ್ಲೆಲ್ಲಿ ಸ್ಟೆಂಟ್ ಹಾಕಬೇಕಾಗುತ್ತದೆ ಎಂದು ಚುಕ್ಕಿ ಇಡುತ್ತಾ ಹೋದರು. ಒಂದು ಗೆರೆ ಪೂರ್ತಿ ಚುಕ್ಕಿಯಾಯಿತು. ಚೀಟಿಯನ್ನು ಬಹಳ ಹೊತ್ತು ನೋಡಿದ ಕೃಷಿಕರು ಕೇಳಿದ್ದು ಒಂದೇ: ‘ಯಾವುದು ಮಾಡಿದರೆ ನಾನು ತೋಟಕ್ಕೆ ಇಳಿಯಬಹುದು ಡಾಕ್ಟರೇ?’ ಅವರು ಬೈಪಾಸ್ ಮಾಡಿಸಿಕೊಂಡರು. ದೂರದಲ್ಲಿರುವ ಮಕ್ಕಳಿಗೆ ನನ್ನ ಕೋರಿಕೆ: ಅಪ್ಪನ ಪರವಾಗಿ ನೀವು ಹೆದರಿ ನಿರ್ಧರಿಸಬೇಡಿ. ವಿಡಿಯೊ ಕರೆಯಲ್ಲಿ ವೈದ್ಯರ ಜೊತೆ ಮಾತಾಡಿ, ಆಮೇಲೆ ಅಪ್ಪನನ್ನೇ ಕೇಳಿ.

ಬೈಪಾಸ್ ಬೇಡ ಎನ್ನುವ ಕಾರಣಗಳೂ ಇವೆ. ಎಂಬತ್ತು ದಾಟಿ ಬಹಳ ನಿತ್ರಾಣವಾಗಿರುವವರು, ಬೀಡಿ ಸೇದಿ ಶ್ವಾಸಕೋಶ ಪೂರ್ತಿ ಹಾಳಾದವರು, ಮೂತ್ರಪಿಂಡ ಕೈಕೊಟ್ಟವರು, ಹಿಂದೆ ಪಾರ್ಶ್ವವಾಯು ಆದವರು ಇವರಿಗೆ ಆಪರೇಷನ್‌ನ ಭಾರ ಹೆಚ್ಚು. ನಾಳದ ತುದಿ ತೀರಾ ಸಣ್ಣದಾಗಿದ್ದು ಹೊಲಿಯಲು ಜಾಗವೇ ಇಲ್ಲದಿದ್ದರೂ ಬೈಪಾಸ್ ಸಾಧ್ಯವಿಲ್ಲ. ವಯಸ್ಸೊಂದೇ ಅಡ್ಡಿಯಲ್ಲ. ದಿನವೂ ನಡೆಯುವ ಎಪ್ಪತ್ತೈದರ ಹಿರಿಯರು ಐವತ್ತರ ಧೂಮಪಾನಿಗಿಂತ ಬೇಗ ಚೇತರಿಸಿಕೊಳ್ಳುತ್ತಾರೆ.

ಬೈಪಾಸ್ ಎಂದು ನಿಶ್ಚಯವಾದರೆ

ಹೃದಯ ಬಡಿಯುತ್ತಿರುವಾಗಲೇ ಮಾಡುವ ‘ಬೀಟಿಂಗ್ ಹಾರ್ಟ್’ ಒಳ್ಳೆಯದೇ, ಹೃದಯ ನಿಲ್ಲಿಸಿ ಯಂತ್ರದ ಮೇಲೆ ಮಾಡುವುದು ಒಳ್ಳೆಯದೇ ಎಂದು ಜನ ಬಹಳ ತಲೆಕೆಡಿಸಿಕೊಳ್ಳುತ್ತಾರೆ. ದೊಡ್ಡ ಅಧ್ಯಯನಗಳಲ್ಲಿ ಎರಡರ ಫಲಿತಾಂಶ ಹೆಚ್ಚುಕಡಿಮೆ ಸಮವಾಗಿದೆ. ನಿಮ್ಮ ಶಸ್ತ್ರಚಿಕಿತ್ಸಕರು ಯಾವುದರಲ್ಲಿ ಪಳಗಿದ್ದಾರೋ ಅದು ಒಳ್ಳೆಯದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಯಾವ ನಾಳ ಬಳಸುತ್ತೀರಿ ಎಂಬುದು. ಎದೆಯ ಒಳಗೋಡೆಯ ಎಡಭಾಗದಲ್ಲಿ ಇಳಿಯುವ, ವೈದ್ಯರು ಲೀಮಾ ಎನ್ನುವ ನಾಳವನ್ನು ಹೃದಯದ ಮುಂಭಾಗದ ಮುಖ್ಯ ನಾಳವಾದ ಎಲ್‌ಎಡಿಗೆ ಜೋಡಿಸಿದರೆ ಹತ್ತು ವರ್ಷದ ಬಳಿಕವೂ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ. ಕಾಲಿನಿಂದ ತೆಗೆದ ನಾಳಗಳಲ್ಲಿ ಅಷ್ಟರ ಹೊತ್ತಿಗೆ ಅರ್ಧದ ಹತ್ತಿರ ಮುಚ್ಚಿರುತ್ತವೆ. ಮುಂಗೈಯ ನಾಳ ಬಳಸಬಹುದೇ ಎಂದೂ ಕೇಳಿ; ಹಾಗೆ ಬಳಸುವ ಸಾಧ್ಯತೆಯಿದ್ದರೆ ಆ ಕೈಗೆ ಸೂಜಿ ಚುಚ್ಚದಂತೆ ಮೊದಲೇ ಹೇಳಿರುತ್ತಾರೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆಯನ್ನು ಸಾಮಾನ್ಯವಾಗಿ ಆಪರೇಷನ್‌ಗೆ ಐದು ದಿನ ಮೊದಲು ನಿಲ್ಲಿಸುತ್ತಾರೆ. ದಿನಾಂಕವನ್ನು ಶಸ್ತ್ರಚಿಕಿತ್ಸಕರೇ ಹೇಳಬೇಕು, ಪಕ್ಕದ ಮನೆಯವರಲ್ಲ. ಮನೆಯಲ್ಲಿ ಕುಡಿಯುತ್ತಿರುವ ಕಷಾಯ, ನಾಟಿ ಮದ್ದು ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ರಕ್ತ ಕೊಡುವವರನ್ನು ಮುಂಚೆಯೇ ಹುಡುಕಿಕೊಳ್ಳಿ.

ಆಪರೇಷನ್ ಮೂರರಿಂದ ಐದು ಗಂಟೆ. ಎಚ್ಚರವಾದಾಗ ಬಾಯಲ್ಲಿ ಕೊಳವೆ ಇರುತ್ತದೆ, ಮಾತು ಹೊರಡುವುದಿಲ್ಲ. ಇದನ್ನು ಮೊದಲೇ ತಿಳಿದವರು ಗಾಬರಿಪಡುವುದಿಲ್ಲ. ಎರಡು ಮೂರು ದಿನ ಐಸಿಯು, ಒಟ್ಟು ಒಂದು ವಾರದಿಂದ ಹತ್ತು ದಿನ ಆಸ್ಪತ್ರೆ. ಎದೆಗೆ ದಿಂಬು ಒತ್ತಿ ಹಿಡಿದು ಕೆಮ್ಮಲು ಕಲಿಸುತ್ತೇವೆ. ನೋವೆಂದು ಕೆಮ್ಮದೆ ಕಫ ಕಟ್ಟಿಕೊಂಡವರಿಗೆ ಜ್ವರ ಬರುತ್ತದೆ. ದಿಂಬನ್ನು ಬಿಗಿಯಾಗಿ ಅಪ್ಪಿ ಗಟ್ಟಿಯಾಗಿ ಕೆಮ್ಮಿದವರು ನಾಲ್ಕನೆಯ ದಿನ ವರಾಂಡದಲ್ಲಿ ನಡೆಯುತ್ತಾರೆ. ನಾಲ್ಕರಲ್ಲಿ ಒಬ್ಬರಿಗಾದರೂ ಮೊದಲ ವಾರದಲ್ಲಿ ಎದೆಬಡಿತ ತಾಳ ತಪ್ಪುತ್ತದೆ. ಹೆಚ್ಚಿನವರಲ್ಲಿ ಔಷಧದಿಂದ ಸರಿಹೋಗುತ್ತದೆ.

ಸೀಳಿದ ಎದೆಯೆಲುಬನ್ನು ತಂತಿಯಿಂದ ಕಟ್ಟಿರುತ್ತಾರೆ. ಅದು ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ನಮ್ಮ ಊರಿನ ಕೆಲಸಗಳ ಭಾಷೆಯಲ್ಲಿ ಹೇಳುವುದಾದರೆ: ಬಾವಿಯಿಂದ ನೀರು ಸೇದುವಂತಿಲ್ಲ, ಹುಲ್ಲಿನ ಹೊರೆ ಎತ್ತುವಂತಿಲ್ಲ, ತೆಂಗಿನಕಾಯಿ ಸುಲಿಯುವಂತಿಲ್ಲ, ಬೈಕು ಸ್ಕೂಟರು ಓಡಿಸುವಂತಿಲ್ಲ. ಖಾಸಗಿ ಬಸ್ಸಿನ ಕಂಬಿ ಹಿಡಿದು ಜೋತಾಡುವುದೂ ಬೇಡ. ‘ಸುಮ್ಮನೆ ಒಂದು ಕೊಡ’ ಎಂದು ಸೇದಿ ಎಲುಬು ಸಡಿಲಿಸಿಕೊಂಡು ಬಂದ ಹೆಂಗಸರಿದ್ದಾರೆ. ಮನೆಗೆ ಬಂದ ಮೇಲೆ ಸೊಸೆಯೋ ಮಗಳೋ ಆ ಕೆಲಸ ನೋಡಿಕೊಳ್ಳುತ್ತಾರೆಯೇ ಎಂಬುದನ್ನು ಆಪರೇಷನ್‌ಗೆ ಮೊದಲೇ ಮಾತಾಡಿಕೊಳ್ಳಿ. ಹೆಂಗಸರ ವಿಚಾರದಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಗಾಯದಿಂದ ನೀರೋ ಕೀವೋ ಬಂದರೆ, ಕೆಮ್ಮಿದಾಗ ಎಲುಬು ಕಟಕಟ ಎಂದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಕೆಲವರು ಎರಡು ಮೂರು ವಾರ ಮಂಕಾಗಿ, ಕಾರಣವಿಲ್ಲದೆ ಅಳುತ್ತಾರೆ. ಅದೂ ಕಾಯಿಲೆಯ ಭಾಗವೇ, ವೈದ್ಯರಿಗೆ ಹೇಳಿ.

ಊಟದ ಬಗ್ಗೆ ಚುಟುಕಾಗಿ: ಕುಚ್ಚಲಕ್ಕಿ ಗಂಜಿ ಉಣ್ಣಬಹುದು, ಸಕ್ಕರೆ ಇದ್ದರೆ ಅಳತೆ ನೋಡಿಕೊಂಡು. ಬೂತಾಯಿ, ಬಂಗುಡೆಯ ಸಾರು ತಿನ್ನಬಹುದು, ಹುರಿದದ್ದು ಬೇಡ. ಒಣಮೀನು, ಉಪ್ಪಿನಕಾಯಿ, ಹಪ್ಪಳ ದೂರವಿಡಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಶಾಶ್ವತವಾಗಿ ಬಂದ್. ಬೈಪಾಸ್ ಆದ ಮೇಲೂ ಆಸ್ಪಿರಿನ್ ಮತ್ತು ಸ್ಟಾಟಿನ್ ಜೀವನಪರ್ಯಂತ.

ಹಣದ ಲೆಕ್ಕ

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ: ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ದಾಖಲಾದ ಮೇಲೆ ಪತ್ರಕ್ಕಾಗಿ ಓಡುವುದಕ್ಕಿಂತ ಮೊದಲೇ ಮಾಡಿಸಿಕೊಳ್ಳಿ. ಸ್ಟೆಂಟ್‌ಗೆ 2017ರ ಫೆಬ್ರುವರಿಯಿಂದ ಕೇಂದ್ರದ ಬೆಲೆ ಮಿತಿ ಇದೆ. ಆಗ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ನಿಗದಿಯಾಗಿತ್ತು, ನಂತರ ಪರಿಷ್ಕರಣೆಯಾಗುತ್ತಾ ಬಂದಿದೆ. ಬಿಲ್ಲಿನಲ್ಲಿ ಸ್ಟೆಂಟ್‌ನ ಕಂಪನಿ, ಬ್ಯಾಚ್ ಸಂಖ್ಯೆ, ಬೆಲೆ ಪ್ರತ್ಯೇಕವಾಗಿ ಇರಲೇಬೇಕು. ಮೂರು ನಾಲ್ಕು ಸ್ಟೆಂಟ್ ಹಾಕುವುದಾದರೆ ಒಟ್ಟು ಖರ್ಚು ಬೈಪಾಸ್‌ಗಿಂತ ಕಡಿಮೆಯಾಗುತ್ತದೆ ಎಂದು ಭಾವಿಸಬೇಡಿ, ಎರಡರ ಅಂದಾಜನ್ನೂ ಬರೆಸಿಕೊಳ್ಳಿ.

ಎರಡು ಅಭಿಪ್ರಾಯ ಒಂದಕ್ಕೊಂದು ಹೊಂದಿಕೆಯಾಗದಿದ್ದರೆ

ಆಂಜಿಯೋಗ್ರಾಂನ ಸಿಡಿ ನಿಮ್ಮದು, ಕೇಳಿ ಪಡೆಯಿರಿ. ಬರೀ ವರದಿಯ ಕಾಗದ ನೋಡಿ ಯಾವ ವೈದ್ಯರೂ ಸರಿಯಾದ ಅಭಿಪ್ರಾಯ ಹೇಳಲಾರರು. ಸಿಡಿ, ಹೃದಯದ ಪಂಪಿಂಗ್ ತೋರಿಸುವ ಎಕೋ ವರದಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ, ಮೂರು ತಿಂಗಳ ಸಕ್ಕರೆಯ ಸರಾಸರಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಇಷ್ಟನ್ನೂ ಒಂದು ಫೈಲಿನಲ್ಲಿಟ್ಟುಕೊಂಡು ಹೋಗಿ. ಮಂಗಳೂರಿನಲ್ಲೂ ಮಣಿಪಾಲದಲ್ಲೂ ಹೃದ್ರೋಗ ತಜ್ಞರು, ಹೃದಯ ಶಸ್ತ್ರಚಿಕಿತ್ಸಕರು ಇಬ್ಬರೂ ಇರುವ ದೊಡ್ಡ ಆಸ್ಪತ್ರೆಗಳಿವೆ, ಬೆಂಗಳೂರಿಗೇ ಹೋಗಬೇಕಾಗಿಲ್ಲ. ಒಬ್ಬರು ಸ್ಟೆಂಟ್ ಎಂದು, ಇನ್ನೊಬ್ಬರು ಬೈಪಾಸ್ ಎಂದು ಹೇಳಿದರೆ ಮೂರನೆಯವರನ್ನು ಹುಡುಕಿ ಮತ ಎಣಿಸಬೇಡಿ. ‘ನೀವಿಬ್ಬರೂ ಒಮ್ಮೆ ಕೂಡಿ ಈ ಸಿಡಿ ನೋಡುವಿರಾ?’ ಎಂದು ಕೇಳಿ. ನನ್ನ ಸಿಂಟ್ಯಾಕ್ಸ್ ಸ್ಕೋರ್ ಎಷ್ಟು, ಸ್ಟೆಂಟ್ ಹಾಕಿದರೆ ಎಲ್ಲಾ ಬ್ಲಾಕ್‌ಗಳೂ ತೆರೆಯುತ್ತವೆಯೇ ಅಥವಾ ಕೆಲವು ಉಳಿಯುತ್ತವೆಯೇ, ಐದು ವರ್ಷದ ನಂತರ ನನ್ನಂಥವರ ಸ್ಥಿತಿ ಎರಡೂ ದಾರಿಯಲ್ಲಿ ಹೇಗಿರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಉತ್ತರವನ್ನೂ ಅದೇ ಕಾಗದದಲ್ಲಿ ಬರೆಸಿಕೊಂಡು ಬನ್ನಿ.